ವ್ಯಾಕರಣ ಅದೇ ಇರಲಿ, ಕರ್ತೃ ಬದಲಾಗಲಿ: ವಿದ್ಯಾರ್ಥಿಗಳು ಹಾಡಿನ ವಿಡಿಯೋ ಮಾಡುವ ಬಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ಕಬ್ಬಿನ ಸುಗ್ಗಿ ಶುರುವಾದರೆ ರಸ್ತೆ ತುಂಬ ಟ್ರ್ಯಾಕ್ಟರು, ಟ್ರ್ಯಾಕ್ಟರ್ ತುಂಬ ಜಾನಪದ ಹಾಡು. ಆ ಹಾಡುಗಳಿಗೆ ಯೂಟ್ಯೂಬಿನಲ್ಲಿ ವಿಡಿಯೋ ಇರುತ್ತವೆ. ಗಾಗಲ್ ಹಾಕಿದ ಹುಡುಗ ಸ್ಲೋ ಮೋಷನ್‌ನಲ್ಲಿ ನಡೆದು ಬರುತ್ತಾನೆ, ಮೊದಲು ಚಪ್ಪಲಿ, ಆಮೇಲೆ ಕೈಗಡಗ, ಕೊನೆಗೆ ಮುಖ. ಕಬ್ಬಿನ ಪಡದ ಮೇಲೆ ಡ್ರೋನ್ ಹಾಯುತ್ತದೆ. ಸೀರೆಯುಟ್ಟ ಹುಡುಗಿ ನಾಚಿ ತಿರುಗುತ್ತಾಳೆ. ಡಿಜೆ ಬೀಟ್ ಬಿದ್ದಾಗ ದೃಶ್ಯ ಬದಲಾಗುತ್ತದೆ.

ಇವೇ ಈ ಪ್ರಕಾರದ ರೂಢಿಗಳು. ಪತ್ರಿಕೋದ್ಯಮ ಓದುವ ವಿದ್ಯಾರ್ಥಿಗಳಿಗೆ ‘ರೂಢಿಗಳನ್ನು ಬಳಸಿ, ಪ್ರಶ್ನಿಸಿ’ ಎಂಬ ಪ್ರಾಜೆಕ್ಟ್ ಬಂದಾಗ ಸಾಮಾನ್ಯವಾಗಿ ಎರಡು ತಪ್ಪಾಗುತ್ತವೆ. ಕೆಲವರು ಎಲ್ಲವನ್ನೂ ಹಾಗೇ ನಕಲು ಮಾಡುತ್ತಾರೆ. ಕೆಲವರು ಎಲ್ಲವನ್ನೂ ಕಿತ್ತು ಒಗೆಯುತ್ತಾರೆ. ಆಗ ನೋಡುವವನಿಗೆ ಇದು ಹಾಡಿನ ವಿಡಿಯೋ ಎಂಬ ಗುರುತೇ ಸಿಗುವುದಿಲ್ಲ, ಪ್ರಶ್ನೆ ಕೇಳಿಸುವುದಂತೂ ದೂರ.

ಈ ಲೇಖನದ ಸಲಹೆ ಒಂದೇ. ರೂಢಿಯನ್ನು ವ್ಯಾಕರಣ ಎಂದುಕೊಳ್ಳಿ. ವಾಕ್ಯದ ಕಟ್ಟು ಹಾಗೇ ಇರಲಿ, ಕರ್ತೃವಿನ ಜಾಗದಲ್ಲಿ ಮಾತ್ರ ಯಾರೂ ನಿರೀಕ್ಷಿಸದವರನ್ನು ಕೂರಿಸಿ. ಮೇಲೆ ಹೇಳಿದ ನಾಯಕನ ಎಂಟ್ರಿಯನ್ನೇ ತೆಗೆದುಕೊಳ್ಳಿ: ಪಾದ, ಕೈ, ಮುಖ, ಸ್ಲೋ ಮೋಷನ್, ಬೀಟಿಗೆ ಕಟ್. ಅಷ್ಟೂ ಇರಲಿ. ಆದರೆ ಬರುವವಳು ಬೀಸುಕಲ್ಲಿನ ಕಡೆ ನಡೆಯುವ ಎಪ್ಪತ್ತರ ಅಜ್ಜಿಯಾಗಿರಲಿ. ನೋಡುವವನಿಗೆ ಎಂಟ್ರಿಯ ಭಾಷೆ ಗೊತ್ತಿದೆ, ಹಾಗಾಗಿ ‘ಈಗ ದೊಡ್ಡವರು ಯಾರೋ ಬರುತ್ತಾರೆ’ ಎಂದು ಮನಸ್ಸು ಸಿದ್ಧವಾಗಿರುತ್ತದೆ. ಅಜ್ಜಿ ಬಂದಾಗ ಆ ದೊಡ್ಡಸ್ತಿಕೆ ಆಕೆಗೆ ಸಲ್ಲುತ್ತದೆ. ರೂಢಿಯನ್ನು ಪ್ರಶ್ನಿಸಿದ್ದೂ ಆಯಿತು, ಬಳಸಿಕೊಂಡದ್ದೂ ಆಯಿತು. ಮುಂದಿನ ಹಂತಗಳಲ್ಲೆಲ್ಲ ಅಜ್ಜಿ ಬೀಸುತ್ತ ಹಾಡುವ ಈ ಬೀಸುವ ಪದದ ವಿಡಿಯೋವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲು ಎಣಿಸಿ

ನಿಮ್ಮ ಪ್ರಕಾರದ ಹತ್ತು ವಿಡಿಯೋ ಆರಿಸಿ, ಪೆನ್ನು ಹಿಡಿದು ನೋಡಿ. ‘ಚೆನ್ನಾಗಿದೆ, ಚೆನ್ನಾಗಿಲ್ಲ’ ಬರೆಯಬೇಡಿ, ಅಂಕಿ ಬರೆಯಿರಿ. ಹಾಡುವವರ ಮುಖ ಮೊದಲ ಸಲ ಎಷ್ಟನೇ ಸೆಕೆಂಡಿಗೆ ಕಾಣುತ್ತದೆ? ಒಟ್ಟು ಎಷ್ಟು ಶಾಟ್ (ಒಂದು ಕಟ್‌ನಿಂದ ಇನ್ನೊಂದು ಕಟ್‌ವರೆಗಿನ ತುಣುಕು)? ಹಾಡಿನ ಉದ್ದವನ್ನು ಅದರಿಂದ ಭಾಗಿಸಿದರೆ ಒಂದು ಶಾಟ್ ಸರಾಸರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಸಿಗುತ್ತದೆ. 180 ಸೆಕೆಂಡಿನ ಹಾಡಿಗೆ 90 ಶಾಟ್ ಇದ್ದರೆ ತಲಾ 2 ಸೆಕೆಂಡು. ಯಾರು ಯಾರನ್ನು ನೋಡುತ್ತಾರೆ, ಕ್ಯಾಮೆರಾ ಯಾರ ಕಣ್ಣಾಗಿದೆ? ಕೆಲಸ ಮಾಡುವವರು ಕಾಣುತ್ತಾರೆಯೇ, ಹಿನ್ನೆಲೆಯಲ್ಲೋ ಮುಂದೋ? ಸಾಹಿತ್ಯದಲ್ಲಿ ಹೇಳಿದ್ದನ್ನೇ ಚಿತ್ರ ತೋರಿಸುತ್ತದೆಯೇ, ಅದಕ್ಕೆ ಏನಾದರೂ ಸೇರಿಸುತ್ತದೆಯೇ, ಇಲ್ಲ ಬೇರೆಯದನ್ನೇ ಹೇಳುತ್ತದೆಯೇ?

ಈ ಹತ್ತು ವಿಡಿಯೋಗಳನ್ನು ಕೀಳಾಗಿ ನೋಡಬೇಡಿ. ಕಡಿಮೆ ದುಡ್ಡಿನಲ್ಲಿ, ಊರವರನ್ನೇ ಕಲಾವಿದರನ್ನಾಗಿ ಮಾಡಿಕೊಂಡು, ತಮ್ಮ ಮಾತಿನಲ್ಲೇ ಹಾಡಿ ಲಕ್ಷಾಂತರ ಜನರನ್ನು ಮುಟ್ಟುವವರು ಇವರು. ಅವರಿಗೆ ಗೊತ್ತಿರುವ ಕಸುಬು ನಿಮಗೆ ಇನ್ನೂ ಗೊತ್ತಿಲ್ಲ ಎಂದುಕೊಂಡು ನೋಡಿದರೆ ಹೆಚ್ಚು ಸಿಗುತ್ತದೆ.

ಪಟ್ಟಿ ಕೈಯಲ್ಲಿದ್ದ ಮೇಲೆ ಎರಡು ಬಣ್ಣದಲ್ಲಿ ಗುರುತು ಹಾಕಿ: ಉಳಿಸಿಕೊಳ್ಳುವವು, ಬದಲಿಸುವವು. ಬದಲಿಸುವುದು ಒಂದು, ಹೆಚ್ಚೆಂದರೆ ಎರಡು. ಬೀಟಿಗೆ ಕಟ್, ತುಟಿಗೆ ಹಾಡು ಕೂಡುವುದು, ಮುಖದ ಹತ್ತಿರದ ಶಾಟ್ ಇವನ್ನು ಉಳಿಸಿಕೊಂಡರೆ ಉಳಿದದ್ದನ್ನು ಧೈರ್ಯವಾಗಿ ಬದಲಿಸಬಹುದು. ಬದಲಾವಣೆ ಮೊದಲ 20 ಸೆಕೆಂಡಿನೊಳಗೆ ಒಮ್ಮೆ ಕಾಣಬೇಕು, ಹಾಡಿನ ಪ್ರತಿ ನುಡಿಯಲ್ಲೂ (ಚರಣದಲ್ಲೂ) ಮತ್ತೆ ಬರಬೇಕು. ಒಂದೇ ಸಲ ಬಂದರೆ ನೋಡುವವರು ಅದನ್ನು ನಿಮ್ಮ ಕೈತಪ್ಪು ಎಂದೇ ತಿಳಿಯುತ್ತಾರೆ.

ಮುಖವನ್ನು ಬಹಳ ಹೊತ್ತು ತೋರಿಸದೆ ಇರುವುದು ವಿದ್ಯಾರ್ಥಿಗಳಿಗೆ ಇಷ್ಟವಾದ ಪ್ರಯೋಗ. ಮಾಡಬಹುದು, ಆದರೆ ಫೋನಿನಲ್ಲಿ ನೋಡುವವರು ಮುಖ ಸಿಗದಿದ್ದರೆ ಬೇಗ ಸರಿಸಿಬಿಡುತ್ತಾರೆ. ಮುಖದ ಬದಲು ಅಷ್ಟೇ ಜೀವ ಇರುವ ಇನ್ನೊಂದನ್ನು ಕೊಡಬೇಕು. ಬೀಸುವ ಪದಕ್ಕಾದರೆ ಅಂಗೈ, ಬಳೆ, ಕಲ್ಲಿನ ಗೂಟ ಹಿಡಿದ ಬೆರಳು, ಅಂಚಿನಿಂದ ಉದುರುವ ಜೋಳದ ಹಿಟ್ಟು.

ಹಾಡು ಯಾರದು?

ಭಾರತದ ಹಕ್ಕುಸ್ವಾಮ್ಯ ಕಾಯ್ದೆ 1957ರದು. ಅದರ ಪ್ರಕಾರ ಸಾಹಿತ್ಯದ ಹಕ್ಕು ಕವಿ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಧ್ವನಿಮುದ್ರಣಕ್ಕೆ, ಅದು ಬಿಡುಗಡೆಯಾದ ಮೇಲೆ 60 ವರ್ಷ. ಇಲ್ಲಿ ವಿದ್ಯಾರ್ಥಿಗಳು ಎಡವುವ ಜಾಗ ಒಂದಿದೆ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ಆದ್ದರಿಂದ ಅವರ ತತ್ವಪದದ ಸಾಹಿತ್ಯವನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಅದೇ ಪದವನ್ನು ಇತ್ತೀಚೆಗೆ ಯಾರೋ ಹಾಡಿ ಮುದ್ರಿಸಿದ ಆಡಿಯೋ ಅವರದೇ, ಅವರು ಹೊಸದಾಗಿ ಕೂಡಿಸಿದ ರಾಗ ಅದನ್ನು ಕೂಡಿಸಿದವರದು. ಬೀಸುವ ಪದ, ಸೋಬಾನೆ ಪದಗಳಿಗೂ ಇದೇ ಮಾತು: ಪದ ಜನರದು, ಮುದ್ರಣ ಮುದ್ರಿಸಿದವರದು. ಸಿನಿಮಾ ಹಾಡು ಹಾಕಿ ಯೂಟ್ಯೂಬಿಗೆ ಏರಿಸಿದರೆ ಅಲ್ಲಿನ ಗುರುತಿಸುವ ವ್ಯವಸ್ಥೆ ಕೆಲವೇ ನಿಮಿಷಗಳಲ್ಲಿ ಹಿಡಿಯಬಹುದು. ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ, ಇಲ್ಲವೇ ವಿಡಿಯೋ ಮುಚ್ಚುತ್ತದೆ. ತರಗತಿಯಲ್ಲಿ ತೋರಿಸುವುದು ಬೇರೆ, ಲೋಕಕ್ಕೆ ಬಿಡುವುದು ಬೇರೆ.

ಹಾಗಾಗಿ ಸ್ವಂತ ಮುದ್ರಣವೇ ಒಳ್ಳೆಯದು, ಅದಕ್ಕೆ ಸ್ಟುಡಿಯೋ ಬೇಕಾಗಿಲ್ಲ. ಚಿಕ್ಕ ಕೋಣೆ ಹಿಡಿಯಿರಿ, ಫ್ಯಾನ್ ಬಂದ್ ಮಾಡಿ, ಎದುರಾಬದುರು ಎರಡು ಗೋಡೆಗೆ ಕೌದಿ ತೂಗುಹಾಕಿ, ನೆಲಕ್ಕೂ ಒಂದು ಹಾಸಿ. ನಮ್ಮ ಕಡೆಯ ದಪ್ಪ ಕೌದಿ ಗೋಡೆಯಿಂದ ಪುಟಿಯುವ ಧ್ವನಿಯನ್ನು ಚೆನ್ನಾಗಿ ಹೀರುತ್ತದೆ. ಬಾಯಿಂದ ಒಂದು ಗೇಣು ದೂರದಲ್ಲಿ, ನೇರ ಎದುರಿಗಲ್ಲದೆ ತುಸು ಓರೆಯಾಗಿ ಮೈಕು ಅಥವಾ ಫೋನು ಇಡಿ. ನೇರ ಇಟ್ಟರೆ ‘ಪ’, ‘ಭ’ ಅಕ್ಷರಗಳ ಉಸಿರು ಬಡಿದು ಧಡ್ ಎನ್ನುತ್ತದೆ.

ಬೀಸುವ ಪದಕ್ಕೆ ತಾಳ ಹಿಡಿಯುವುದು ಕಲ್ಲೇ. ಮೊದಲು ಹಾಡಿಲ್ಲದೆ ನಾಲ್ಕು ನಿಮಿಷ ಕಲ್ಲು ತಿರುಗಿಸಿದ ಸಪ್ಪಳ ಮುದ್ರಿಸಿಕೊಳ್ಳಿ. ಅದನ್ನು ವೈರಿನ ಇಯರ್‌ಫೋನಿನಲ್ಲಿ ಕೇಳುತ್ತ ಹಾಡಲಿ. ಒಂದೇ ಸಲ ಎರಡನ್ನೂ ಮುದ್ರಿಸಿದರೆ ಕಲ್ಲಿನ ಗುಡುಗು ಧ್ವನಿಯನ್ನು ನುಂಗುತ್ತದೆ, ಆಮೇಲೆ ಬೇರ್ಪಡಿಸಲು ಬರುವುದಿಲ್ಲ. ಮನೆಯ ಹಿರಿಯರು ಹಾಡಿದರೆ ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ವಿಡಿಯೋದಲ್ಲಿ ಹೆಸರು ಹಾಕಿ. ಈ ಪದಗಳನ್ನು ತಲೆಯಲ್ಲಿಟ್ಟುಕೊಂಡು ಬಂದವರು ಅವರು. ‘ಸಾಂಪ್ರದಾಯಿಕ’ ಎಂದಷ್ಟೇ ಬರೆದು ಅವರನ್ನು ಅಳಿಸಬಾರದು.

ಬೀಟಿನ ಲೆಕ್ಕ

ಶೂಟಿಂಗಿಗೆ ಮುಂಚೆ ಹಾಡನ್ನು ಕಾಗದದ ಮೇಲೆ ಇಳಿಸಿ. ಸೆಕೆಂಡಿಗೆ 25 ಫ್ರೇಮಿನಲ್ಲಿ (ಬಿಡಿ ಚಿತ್ರಗಳಲ್ಲಿ) ಚಿತ್ರೀಕರಿಸುತ್ತೀರಿ, ಹಾಡಿನ ವೇಗ ನಿಮಿಷಕ್ಕೆ 100 ಬೀಟ್ ಎಂದುಕೊಳ್ಳಿ. ಒಂದು ಬೀಟಿಗೆ 0.6 ಸೆಕೆಂಡು, ಅಂದರೆ ಸರಿಯಾಗಿ 15 ಫ್ರೇಮು. ನಾಲ್ಕು ಬೀಟಿನ ಒಂದು ಆವರ್ತ 60 ಫ್ರೇಮು. ವೇಗ 96 ಆದರೆ ಬೀಟಿಗೆ 15.6 ಫ್ರೇಮು ಬರುತ್ತದೆ. ಆಗ 15 ಎಂದು ಕುರುಡಾಗಿ ಕತ್ತರಿಸುತ್ತ ಹೋದರೆ ಎಂಟು ಬೀಟಿನೊಳಗೆ ಬೀಟಿಗಿಂತ 5 ಫ್ರೇಮು ಮುಂಚೆಯೇ ಬಂದು ಕಟ್ ಕಣ್ಣಿಗೆ ಎಡವಿದಂತೆ ಕಾಣುತ್ತದೆ. ಲೆಕ್ಕದ ಮೇಲೆ ಕತ್ತರಿಸದೆ ಎಡಿಟಿಂಗ್ ಪಟ್ಟಿಯಲ್ಲಿ (ಟೈಮ್‌ಲೈನ್) ಬೀಟ್ ಕೇಳುತ್ತ ಗುರುತು ಒತ್ತಿ.

ನಮ್ಮ ಬಹಳ ಪದಗಳು ನಾಲ್ಕರ ಎಣಿಕೆಯವಲ್ಲ, ಮೂರು ಅಥವಾ ಆರರವು. ಡಿಜೆ ಹಾಡಿನ ಅಭ್ಯಾಸದಿಂದ ನಾಲ್ಕಕ್ಕೊಂದು ಕಟ್ ಹಾಕಿದರೆ ಎರಡನೆಯ ಸಾಲಿಗೇ ಜಾರುತ್ತದೆ. ಕೈಯಿಂದ ತೊಡೆ ತಟ್ಟಿ ಎಣಿಸಿ, ಎಲ್ಲಿ ತಾನಾಗಿ ಗಟ್ಟಿಯಾಗಿ ಬೀಳುತ್ತದೋ ಅದೇ ಒಂದು.

ಪ್ರತಿ ಬೀಟಿಗೂ ಕಟ್ ಹಾಕಿದರೆ ಅರ್ಧ ನಿಮಿಷದಲ್ಲಿ ಕಣ್ಣು ದಣಿಯುತ್ತದೆ. ಪಲ್ಲವಿಯಲ್ಲಿ ಬೀಟಿಗೆ ಹತ್ತಿರ, ನುಡಿಯಲ್ಲಿ ಸಾಲಿಗೊಂದು, ಕೊನೆಯ ನುಡಿಯಲ್ಲಿ ಒಂದು ಶಾಟನ್ನು ಬೇಕೆಂದೇ ಎರಡು ಸಾಲು ಪೂರ್ತಿ ನಿಲ್ಲಿಸಿ. ವೇಗದ ರೂಢಿಯನ್ನು ಕಟ್ಟಿ ಆಮೇಲೆ ತಡೆದಾಗಲೇ ಆ ನಿಲುಗಡೆ ತಟ್ಟುತ್ತದೆ. ಇನ್ನೊಂದು ಸೂಕ್ಷ್ಮ: ಸರಿಯಾಗಿ ಬೀಟಿನ ಮೇಲೆ ಕತ್ತರಿಸಿದ ಕಟ್ ಹಲವು ಸಲ ತಡವಾದಂತೆ ಅನಿಸುತ್ತದೆ, ಏಕೆಂದರೆ ಹೊಸ ಚಿತ್ರವನ್ನು ಗುರುತಿಸಲು ಕಣ್ಣಿಗೆ ಒಂದು ಕ್ಷಣ ಬೇಕು. ಒಂದೆರಡು ಫ್ರೇಮು ಮುಂಚೆ ಕತ್ತರಿಸಿ ನೋಡಿ.

ತುಟಿಯೂ ಹಾಡೂ ಕೂಡಬೇಕು

ವಿದ್ಯಾರ್ಥಿ ವಿಡಿಯೋ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಬಾಯಿ ಹಾಡಿಗೆ ಕೂಡದಿದ್ದರೆ ನೀವು ಎಂಥ ರೂಢಿಯನ್ನು ಪ್ರಶ್ನಿಸಿದರೂ ನೋಡುವವರ ಗಮನ ತುಟಿಯಲ್ಲೇ ಸಿಕ್ಕಿಕೊಳ್ಳುತ್ತದೆ.

ಶೂಟಿಂಗಿನಲ್ಲಿ ಬಳಸುವ ಆಡಿಯೋದ ಮುಂದೆ ಮೂರು ಬೀಪ್ ಸೇರಿಸಿ, ಹಾಡಿನದೇ ವೇಗದಲ್ಲಿ. ನಾಲ್ಕನೆಯ ಎಣಿಕೆಗೆ ಹಾಡು ಶುರು. ಇದರಿಂದ ಹಾಡುವವರು ಉಸಿರು ಎಳೆದುಕೊಳ್ಳುವ ಸಮಯವೂ ಸಿಗುತ್ತದೆ, ಎಡಿಟಿಂಗಿನಲ್ಲಿ ಕೂಡಿಸಲು ಗುರುತೂ ಸಿಗುತ್ತದೆ. ಸ್ಪೀಕರ್ ಜೋರಾಗಿರಲಿ, ಕ್ಯಾಮೆರಾದ ಮೈಕ್ ಚಾಲೂ ಇರಲಿ. ಆ ಧ್ವನಿ ಕೊನೆಗೆ ಬಳಕೆಯಾಗುವುದಿಲ್ಲ, ಆದರೆ ಅದಿಲ್ಲದೆ ಕೂಡಿಸುವುದು ಸಂಕಟ.

ಹಾಡುವವರು ಬರೀ ತುಟಿ ಅಲ್ಲಾಡಿಸಬಾರದು, ಗಟ್ಟಿಯಾಗಿ ಹಾಡಲೇಬೇಕು. ಗಂಟಲಿನ ನರ, ಎದೆಯ ಏರಿಳಿತ, ಹುಬ್ಬು ಇವೆಲ್ಲ ಧ್ವನಿ ಬಂದಾಗ ಮಾತ್ರ ಚಲಿಸುತ್ತವೆ.

ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ ಎಂಬುದನ್ನು ಹೊಲದಲ್ಲಿ ಮರೆಯಬೇಡಿ. ಸ್ಪೀಕರ್ ಹಾಡುಗಾರ್ತಿಯ ಬಳಿ, ಕ್ಯಾಮೆರಾ 34 ಮೀಟರ್ ದೂರದ ಬದುವಿನ ಮೇಲೆ ಇದ್ದರೆ ಕ್ಯಾಮೆರಾಕ್ಕೆ ಧ್ವನಿ ಹತ್ತನೆಯ ಒಂದು ಸೆಕೆಂಡು, ಅಂದರೆ ಎರಡೂವರೆ ಫ್ರೇಮು ತಡವಾಗಿ ತಲುಪುತ್ತದೆ. ಆ ಧ್ವನಿಯ ಅಲೆ ನೋಡಿ ಕೂಡಿಸಿದರೆ ತುಟಿ ಹಾಡಿಗಿಂತ ಮುಂದೆ ಓಡುತ್ತದೆ. ಶಾಟನ್ನು ಎಡಿಟಿಂಗ್ ಪಟ್ಟಿಯಲ್ಲಿ 2–3 ಫ್ರೇಮು ಬಲಕ್ಕೆ ಸರಿಸಬೇಕು. ಸ್ಪೀಕರ್ ಕ್ಯಾಮೆರಾದ ಬಳಿ ಇದ್ದು ಹಾಡುಗಾರ್ತಿ ದೂರ ಇದ್ದರೆ ತಿರುವುಮುರುವು, ಎಡಕ್ಕೆ ಸರಿಸಬೇಕು.

ಸರಿಸಿದ್ದು ಸರಿಯಾಯಿತೇ ಎಂದು ನೋಡಲು ಓಷ್ಠ್ಯಾಕ್ಷರ ಹುಡುಕಿ. ಪ, ಫ, ಬ, ಭ, ಮ ಇವುಗಳಿಗೆ ತುಟಿ ಪೂರ್ತಿ ಮುಚ್ಚಬೇಕು, ಬೇರೆ ದಾರಿ ಇಲ್ಲ. ಸಾಲಿನಲ್ಲಿ ‘ಅಮ್ಮ’ ಇದ್ದರೆ ‘ಮ್ಮ’ ಕೇಳುವ ಫ್ರೇಮಿನಲ್ಲಿ ನಿಲ್ಲಿಸಿ. ತುಟಿ ತೆರೆದಿದ್ದರೆ ಒಂದೊಂದೇ ಫ್ರೇಮು ಸರಿಸಿ ಮುಚ್ಚಿದ ಜಾಗಕ್ಕೆ ತನ್ನಿ. ಇಡೀ ಶಾಟ್ ಅಲ್ಲಿಗೆ ಕೂಡಿಕೊಳ್ಳುತ್ತದೆ. ಸ್ವರಾಕ್ಷರಗಳನ್ನು ನೋಡಿ ಕೂಡಿಸಲು ಹೋದರೆ ಗಂಟೆಗಟ್ಟಲೆ ಗೊಂದಲ.

ಫೋನಿನ ಇನ್ನೊಂದು ಕಾಟ: ಬಹಳ ಫೋನುಗಳು ಬೆಳಕು ಕಡಿಮೆಯಾದಾಗ ಫ್ರೇಮಿನ ವೇಗವನ್ನು ತಾವಾಗಿಯೇ ಏರುಪೇರು ಮಾಡುತ್ತವೆ. ಹಾಡಿನ ಆರಂಭದಲ್ಲಿ ಕೂಡಿದ ತುಟಿ ಎರಡನೆಯ ನಿಮಿಷಕ್ಕೆ ತಪ್ಪುತ್ತದೆ. ಫ್ರೇಮಿನ ವೇಗ ಸ್ಥಿರವಾಗಿಡುವ ಕ್ಯಾಮೆರಾ ಆ್ಯಪ್ ಬಳಸಿ. ಆಗಲೇ ಚಿತ್ರೀಕರಿಸಿಬಿಟ್ಟಿದ್ದರೆ ಎಡಿಟಿಂಗಿಗೆ ಹಾಕುವ ಮುಂಚೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರ ವೇಗಕ್ಕೆ ಪರಿವರ್ತಿಸಿ.

ಸ್ಲೋ ಮೋಷನ್‌ನಲ್ಲಿ ಹಾಡಿಸುವ ಉಪಾಯ

ನಾಯಕನ ಸ್ಲೋ ಮೋಷನ್ ಎಂಟ್ರಿಯಲ್ಲಿ ಅವನು ಹಾಡುವುದಿಲ್ಲ, ನಡೆಯುತ್ತಾನಷ್ಟೆ. ನಿಧಾನ ಮಾಡಿದರೆ ತುಟಿಯೂ ನಿಧಾನವಾಗುತ್ತದೆ. ಇದನ್ನೇ ಬದಲಿಸಬಹುದು. ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ (ಶ್ರುತಿ ಏರದಂತೆ ವೇಗ ಮಾತ್ರ ಹೆಚ್ಚಿಸಿ), ಸೆಕೆಂಡಿಗೆ 50 ಫ್ರೇಮಿನಲ್ಲಿ ಚಿತ್ರೀಕರಿಸಿ. ಎಡಿಟಿಂಗಿನಲ್ಲಿ 25 ಫ್ರೇಮಿನ ಪಟ್ಟಿಗೆ ಹಾಕಿ ಅರ್ಧ ವೇಗ ಕೊಟ್ಟಾಗ ತುಟಿ ಹಾಡಿಗೆ ಸರಿಯಾಗಿ ಕೂಡುತ್ತದೆ, ಆದರೆ ಸೆರಗು, ಕೂದಲು, ಹಾರುವ ಹಿಟ್ಟಿನ ಪುಡಿ ಎಲ್ಲ ನೀರಿನಲ್ಲಿ ತೇಲಿದಂತೆ ನಿಧಾನ. ಅಜ್ಜಿ ಹಾಡುತ್ತಲೇ ಕಾಲ ನಿಂತಂತೆ ಕಾಣುತ್ತದೆ. ನಿಮಿಷಕ್ಕೆ 80 ಬೀಟಿಗಿಂತ ನಿಧಾನದ ಹಾಡಿಗೆ ಇದು ಸಾಧ್ಯ. ಅದಕ್ಕಿಂತ ವೇಗದ್ದಾದರೆ ಎರಡು ಪಟ್ಟಿನಲ್ಲಿ ನಾಲಿಗೆ ತೊಡರುತ್ತದೆ. ಇಡೀ ಹಾಡು ಬೇಡ, ಪಲ್ಲವಿ ಒಂದನ್ನು ಎರಡು ದಿನ ರೂಢಿ ಮಾಡಿಸಿದರೆ ಸಾಕು. ವಯಸ್ಸಾದವರಿಗೆ ಇದು ಆಯಾಸವಾದರೆ ಬಿಡಿ, ಮೊಮ್ಮಗಳ ಪಾತ್ರದವಳು ಹಾಡಲಿ, ಅಜ್ಜಿ ಬೀಸಲಿ.

ಎರಿ ಮಣ್ಣು, ಇಳಕಲ್ ಸೆರಗು, ಬಿಸಿಲು

ಕ್ಯಾಮೆರಾವನ್ನು ಆಟೋಗೆ ಬಿಟ್ಟರೆ ನಮ್ಮ ನೆಲವೇ ಅದನ್ನು ದಾರಿ ತಪ್ಪಿಸುತ್ತದೆ. ಚೌಕಟ್ಟಿನ ಅರ್ಧದಷ್ಟು ಕಪ್ಪು ಎರಿ ಮಣ್ಣು ಇದ್ದರೆ ಫೋನು ‘ಕತ್ತಲೆ ಇದೆ’ ಎಂದುಕೊಂಡು ಬೆಳಕು ಹೆಚ್ಚಿಸುತ್ತದೆ. ಆಗ ಬಿಳಿ ಧೋತರ, ಗಾಂಧಿ ಟೋಪಿ, ಬೆಳಗಿನ ಆಕಾಶ ಎಲ್ಲ ಸುಣ್ಣ ಬಳಿದಂತಾಗಿ ಮಡಿಕೆ, ಮೋಡ ಕಾಣದಾಗುತ್ತವೆ. ಸುಟ್ಟ ಬಿಳಿಯನ್ನು ಎಡಿಟಿಂಗಿನಲ್ಲಿ ವಾಪಸ್ ತರಲು ಬರುವುದಿಲ್ಲ. ಮುಖದ ಮೇಲೆ ಬೆರಳಿಟ್ಟು ಬೆಳಕನ್ನು ಲಾಕ್ ಮಾಡಿ, ಆಮೇಲೆ ಸುಮಾರು ಮುಕ್ಕಾಲರಿಂದ ಒಂದು ಹಂತ ಕೆಳಗಿಳಿಸಿ.

ಶಟರ್ ವೇಗ 1/50 ಸೆಕೆಂಡು ಇರಲಿ, 50 ಫ್ರೇಮಿಗೆ 1/100. ನಮ್ಮ ಕರೆಂಟು 50 ಹರ್ಟ್ಸಿನದು, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. 30 ಫ್ರೇಮು, 1/60 ಇಟ್ಟುಕೊಂಡು ಟ್ಯೂಬ್‌ಲೈಟಿನ ಕೆಳಗೆ ಚಿತ್ರೀಕರಿಸಿದರೆ ಪಟ್ಟಿ ಪಟ್ಟಿಯಾಗಿ ಮಿಡಿಯುತ್ತದೆ. ಬಯಲಿನಲ್ಲಿ 1/50ಕ್ಕೆ ಬೆಳಕು ವಿಪರೀತ ಆಗುತ್ತದೆ. ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ, ಇಲ್ಲವೇ ನೆರಳಿಗೆ ಬನ್ನಿ.

ಇಳಕಲ್ ಸೀರೆಯ ಕೆಂಪು ಸೆರಗು ಫೋನಿಗೆ ಕಠಿಣ ಪರೀಕ್ಷೆ. ತೋಪ ತೆನೆಯ ಸೆರಗಿನಲ್ಲಿ ಕೆಂಪಿನ ನಡುವೆ ಬಿಳಿ ನೇಯ್ಗೆ ಬಾಚಣಿಗೆಯ ಹಲ್ಲಿನಂತೆ ನುಗ್ಗಿರುತ್ತದೆ. ನಡುಹಗಲಿನ ಬಿಸಿಲಿನಲ್ಲಿ, ಬಣ್ಣ ಎದ್ದುಕಾಣಿಸುವ ಸೆಟ್ಟಿಂಗ್ ಚಾಲೂ ಇದ್ದರೆ ಆ ಕೆಂಪೆಲ್ಲ ಒಂದೇ ಮುದ್ದೆಯಾಗಿ ಹಲ್ಲುಗಳು ಮುಳುಗುತ್ತವೆ. ಆ ಸೆಟ್ಟಿಂಗ್ ತೆಗೆಯಿರಿ, ಬೆಳಗಿನ ಓರೆ ಬಿಸಿಲಿನಲ್ಲಿ ಸೆರಗಿಗೆ ಪಕ್ಕದಿಂದ ಬೆಳಕು ಬೀಳಿಸಿ, ಬಣ್ಣದ ತಾಪವನ್ನು (ವೈಟ್ ಬ್ಯಾಲೆನ್ಸ್) 5500 ಕೆಲ್ವಿನ್‌ಗೆ ಲಾಕ್ ಮಾಡಿ. ಇಲ್ಲದಿದ್ದರೆ ಶಾಟಿನಿಂದ ಶಾಟಿಗೆ ಕೆಂಪು ಬದಲಾಗುತ್ತ ಹೋಗುತ್ತದೆ. ಗುಳೇದಗುಡ್ಡದ ಖಣದ ಕುಪ್ಪಸದ್ದು ಬೇರೆ ತೊಂದರೆ: ಅದರ ಸಣ್ಣ ನೇಯ್ಗೆ ಕ್ಯಾಮೆರಾದಿಂದ ಒಂದು ನಿರ್ದಿಷ್ಟ ದೂರದಲ್ಲಿದ್ದಾಗ ಬಟ್ಟೆಯ ಮೇಲೆ ಅಲೆಗಳು ಹರಿದಾಡಿದಂತೆ ಕಾಣುತ್ತದೆ. ಎರಡು ಹೆಜ್ಜೆ ಹಿಂದೆ ಅಥವಾ ಮುಂದೆ ಹೋಗಿ. ಎಳೆ ಎಳೆ ಎಣಿಸುವಷ್ಟು ಹತ್ತಿರ ಹೋದರೆ ಇನ್ನೂ ಒಳ್ಳೆಯದು. ನೇಕಾರರ ಕೈಕೆಲಸ ಬರೀ ‘ಹಳ್ಳಿ ಹುಡುಗಿಯ ಉಡುಪು’ ಆಗಿ ಹಿನ್ನೆಲೆಗೆ ಸರಿಯುವುದೂ ಒಂದು ರೂಢಿಯೇ. ಒಂದು ನುಡಿಯ ಪೂರ್ತಿ ಸೆರಗನ್ನೇ ಕರ್ತೃವಾಗಿಸಿ ನೋಡಿ.

ಹೊರಾಂಗಣಕ್ಕೆ ಬೆಳಿಗ್ಗೆ ಒಂಬತ್ತರ ಒಳಗೆ, ಸಂಜೆ ಐದರ ಮೇಲೆ. ನಡುವಿನ ಹೊತ್ತು ಮನೆಯೊಳಗಿನ ಶಾಟಿಗೆ: ಪಡಸಾಲೆಯ ಬಾಗಿಲಿನಿಂದ ಬರುವ ಬೆಳಕಿಗೆ ಪಕ್ಕವಾಗಿ ಬೀಸುಕಲ್ಲು ಇಟ್ಟು, ಎದುರು ಬದಿಗೆ ಬಿಳಿ ಥರ್ಮಾಕೋಲ್ ಹಲಗೆ ಹಿಡಿದರೆ ಬೇರೆ ಲೈಟು ಬೇಕಾಗುವುದಿಲ್ಲ. ಹಾರುವ ಹಿಟ್ಟು ಕಾಣಬೇಕಾದರೆ ಬೆಳಕು ಹಿಂದಿನಿಂದ ಬರಬೇಕು, ಅದರ ಹಿಂದಿನ ಗೋಡೆ ಕತ್ತಲಿರಬೇಕು. ಎದುರಿನಿಂದ ಬೆಳಕು ಬಿಟ್ಟರೆ ಹಿಟ್ಟು ಕಾಣುವುದೇ ಇಲ್ಲ.

ಜಾಗ ಮತ್ತು ಅನುಮತಿ

ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಸಂರಕ್ಷಿತ ಸ್ಮಾರಕಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸುಪರ್ದಿಯಲ್ಲಿವೆ. ಕಲಾವಿದರು, ಸ್ಪೀಕರ್, ಟ್ರೈಪಾಡ್ ಎಂದರೆ ಅದು ಪ್ರವಾಸಿಯ ಫೋಟೋ ಅಲ್ಲ. ಮೊದಲೇ ಬರೆದು ಅನುಮತಿ ಪಡೆಯಬೇಕು, ಕಾಲೇಜಿನ ಪತ್ರ ಲಗತ್ತಿಸಿ ಸಾಕಷ್ಟು ದಿನ ಮುಂಚೆ ಕೇಳಿ. 1656ರಲ್ಲಿ ಮುಗಿದ ಗೋಳಗುಮ್ಮಟದ ಒಳಗೆ ಒಂದು ಪಿಸುಮಾತೇ ಹಲವು ಸಲ ಮರಳಿ ಬರುತ್ತದೆ. ಅಲ್ಲಿ ಸ್ಪೀಕರ್ ಹಚ್ಚಿದರೆ ಸಾಲು ಸಾಲಿನ ಮೇಲೆ ಬಿದ್ದು ಹಾಡುವವರಿಗೇ ತಾಳ ತಪ್ಪುತ್ತದೆ, ಉಳಿದ ಪ್ರವಾಸಿಗರಿಗೂ ಕಿರಿಕಿರಿ. ಅಂಥ ಜಾಗದಲ್ಲಿ ಕ್ಯಾಮೆರಾಕ್ಕೆ ಕಾಣದ ಕಿವಿಗೆ ವೈರಿನ ಇಯರ್‌ಫೋನ್ ಹಾಕಿ, ಮೂರನೆಯ ಬೀಪಿಗೆ ಹಾಡುವವರೇ ಚಪ್ಪಾಳೆ ತಟ್ಟಲಿ. ಕೈ ಕೂಡಿದ ಫ್ರೇಮು ನಿಮ್ಮ ಗುರುತು.

ನಿಜ ಹೇಳಬೇಕೆಂದರೆ ಸ್ಮಾರಕದ ಮುಂದೆ ಕುಣಿಯುವುದೂ ಸವೆದ ರೂಢಿ. ಗುಮ್ಮಟದ ಬದಲು ಅದರ ನೆರಳು ಬೀಳುವ ಓಣಿ, ಬಾದಾಮಿಯ ಗುಹೆಯ ಬದಲು ಅದೇ ಕೆಂಪು ಕಲ್ಲಿನಲ್ಲಿ ಕಟ್ಟಿದ ಮನೆಯ ಕಟ್ಟೆ ಆರಿಸಿದರೆ ಅನುಮತಿಯೂ ಸುಲಭ, ಊರೂ ಹೊಸದಾಗಿ ಕಾಣುತ್ತದೆ. ಗೋಕಾಕ ಜಲಪಾತಕ್ಕೆ ಮಳೆಗಾಲದಲ್ಲಿ ಹೋದರೆ ನೀರಿನ ಆರ್ಭಟಕ್ಕೆ ಸಣ್ಣ ಸ್ಪೀಕರ್ ಕೇಳಿಸದು, ಹಸಿ ಬಂಡೆ ಜಾರುತ್ತದೆ. ದೂರದಿಂದ ಒಂದು ಶಾಟ್ ಸಾಕು, ಹಾಡಿಸುವುದು ಬೇಡ.

ಡ್ರೋನಿಗೆ 2021ರ ಡ್ರೋನ್ ನಿಯಮಗಳಿವೆ. ಹಾರಿಸುವ ಮುಂಚೆ ಸರ್ಕಾರದ ಡ್ರೋನ್ ವಲಯ ನಕ್ಷೆಯಲ್ಲಿ (ಡಿಜಿಟಲ್ ಸ್ಕೈ) ಆ ಜಾಗ ಹಸಿರೋ, ಹಳದಿಯೋ, ಕೆಂಪೋ ನೋಡಿ. ಬೆಳಗಾವಿಯಲ್ಲಿ ಸಾಂಬ್ರಾ ವಿಮಾನ ನಿಲ್ದಾಣವಿದೆ, ಮಿಲಿಟರಿ ಜಾಗಗಳಿವೆ, ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. ಡ್ರೋನ್ ಇಲ್ಲದಿದ್ದರೂ ನಷ್ಟವಿಲ್ಲ. ಮಾಳಿಗೆಯ ಮೇಲಿನಿಂದ ಅಂಗಳಕ್ಕೆ ಇಣುಕಿದ ಶಾಟ್, ಬೀಸುಕಲ್ಲಿನ ದುಂಡಗಿನ ಬಾಯಿಯ ಮೇಲೆ ನೇರ ನೋಡುವ ಶಾಟ್, ಇವೂ ಮೇಲಿನ ನೋಟವೇ. ರೂಢಿಯ ಅದೇ ಕೋನ, ನೋಟ ಮಾತ್ರ ಹೊಲದಿಂದ ಅಡುಗೆಮನೆಗೆ ಬಂತು.

ಟ್ರ್ಯಾಕ್ಟರ್ ಬಳಸುವುದಾದರೆ ನಿಲ್ಲಿಸಿಯೇ ಚಿತ್ರೀಕರಿಸಿ. ಓಡುವ ಟ್ರ್ಯಾಲಿಯ ಕೊಂಡಿಯ ಮೇಲೆ ಕ್ಯಾಮೆರಾ ಹಿಡಿದು ಯಾರನ್ನೂ ನಿಲ್ಲಿಸಬೇಡಿ. ಪಾತ್ರ ಮಾಡುವವರೆಲ್ಲರಿಂದ ಒಪ್ಪಿಗೆ ಪತ್ರ ಇರಲಿ, 18ರ ಒಳಗಿನವರಿದ್ದರೆ ತಂದೆ ಅಥವಾ ತಾಯಿಯ ಸಹಿ ಬೇಕು.

ಎಷ್ಟು ಚಿತ್ರೀಕರಿಸಬೇಕು?

ಮೂರು ನಿಮಿಷ ಇಪ್ಪತ್ತು ಸೆಕೆಂಡಿನ ಹಾಡಿಗೆ ಸರಾಸರಿ 3 ಸೆಕೆಂಡಿನ ಶಾಟ್ ಅಂದರೆ 65–70 ಶಾಟ್ ಬೇಕು. ಪ್ರತಿ ಜಾಗದಲ್ಲೂ ಇಡೀ ಹಾಡನ್ನು ಆರಂಭದಿಂದ ಕೊನೆಯವರೆಗೆ ದೂರದಿಂದ ಒಮ್ಮೆ, ಸೊಂಟದ ಮಟ್ಟದಲ್ಲಿ ಒಮ್ಮೆ, ಮುಖ ತುಂಬಿ ಒಮ್ಮೆ ಹಾಡಿಸಿ. ‘ನಮಗೆ ಬೇಕಾದದ್ದು ಎರಡನೆಯ ನುಡಿ ಮಾತ್ರ’ ಎಂದು ಅಷ್ಟನ್ನೇ ತೆಗೆದವರು ಎಡಿಟಿಂಗಿನಲ್ಲಿ ಪಶ್ಚಾತ್ತಾಪ ಪಡುತ್ತಾರೆ. ಆಮೇಲೆ ಹಾಡಿಲ್ಲದ ಸಣ್ಣ ಶಾಟುಗಳು, ಕನಿಷ್ಠ 25: ಕೈ, ಕಲ್ಲು, ಮೊರದಲ್ಲಿ ಹಸನು ಮಾಡಿದ ಜೋಳ, ಬಾಗಿಲು, ಬೆಕ್ಕು, ಒಲೆಯ ಹೊಗೆ. ಇವು ತಪ್ಪಾದ ತುಟಿಯನ್ನು ಮುಚ್ಚಲು ಬರುತ್ತವೆ. ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ ಮುದ್ರಿಸಿದರೆ ನಿಮಿಷಕ್ಕೆ 150 ಎಂಬಿ. ಎರಡು ತಾಸಿನ ಫುಟೇಜಿಗೆ 18 ಜಿಬಿ. ಫೋನಿನಲ್ಲಿ ಅಷ್ಟು ಜಾಗ ಖಾಲಿ ಮಾಡಿಕೊಂಡು ಹೋಗಿ. ಫೈಲುಗಳನ್ನು ವಾಟ್ಸ್ಆ್ಯಪಿನಲ್ಲಿ ವಿಡಿಯೋ ಎಂದು ಕಳಿಸಬೇಡಿ, ಕುಗ್ಗಿಸಿ ಹಾಳು ಮಾಡುತ್ತದೆ; ಕೇಬಲ್ ಹಾಕಿ ಪ್ರತಿ ಮಾಡಿಕೊಳ್ಳಿ, ಎರಡು ಕಡೆ.

ಬಟ್ಟೆ, ಬಳೆ, ಕುಂಕುಮದ ಫೋಟೋ ಪ್ರತಿ ಜಾಗದಲ್ಲೂ ತೆಗೆದಿಡುವ ಕೆಲಸ ಒಬ್ಬರಿಗೆ ಒಪ್ಪಿಸಿ. ಎಡಗೈಯ ಹಸಿರು ಬಳೆ ಎರಡನೆಯ ದಿನ ಬಲಗೈಗೆ ಹೋದರೆ ಕಟ್ ಕೂಡುವುದಿಲ್ಲ.

ಎಡಿಟಿಂಗ್, ಅಕ್ಷರ, ರಫ್ತು

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಹಾಡನ್ನು ಕೆಳಗಿಟ್ಟು, ಪೂರ್ತಿ ಹಾಡಿಸಿದ ಟೇಕುಗಳನ್ನೆಲ್ಲ ಒಂದರ ಮೇಲೊಂದು ಪದರವಾಗಿ ಪೇರಿಸಿ, ಎಲ್ಲವನ್ನೂ ಮೊದಲು ಕೂಡಿಸಿ, ಆಮೇಲಷ್ಟೆ ಕತ್ತರಿಸಿ. ಕತ್ತರಿಸಿ ಕೂಡಿಸುತ್ತ ಹೋದರೆ ಅರವತ್ತು ಸಲ ಕೂಡಿಸಬೇಕಾಗುತ್ತದೆ.

ಕನ್ನಡ ಅಕ್ಷರ ಹಾಕುವಾಗ ಎಚ್ಚರ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ, ಯೂನಿಕೋಡಿನಲ್ಲೇ ಬರೆಯಿರಿ. ಯೂನಿಕೋಡಿನಲ್ಲೂ ಕೆಲವು ತಂತ್ರಾಂಶಗಳು ಒತ್ತಕ್ಷರ ಒಡೆಯುತ್ತವೆ: ‘ಅಜ್ಜಿ’ ಬರೆದರೆ ‘ಅಜ್‌ಜಿ’ ಎಂದು ತೋರಿಸುತ್ತವೆ. ಆಗ ಬೇರೆ ತಂತ್ರಾಂಶದಲ್ಲಿ ಹೆಸರುಗಳನ್ನು ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ಮಾಡಿ ತಂದು ಹಾಕಿ. ಹಾಡಿದವರ ಹೆಸರಿನಲ್ಲೇ ಒತ್ತು ತಪ್ಪಿಹೋದರೆ ಅದಕ್ಕಿಂತ ನೋವಿನದು ಇಲ್ಲ.

ರಫ್ತು (ಎಕ್ಸ್‌ಪೋರ್ಟ್) ಮಾಡುವಾಗ ವಿಡಿಯೋ ಮಾದರಿ ಎಚ್.264, ಗಾತ್ರ 1920×1080, 25 ಫ್ರೇಮು, ಸೆಕೆಂಡಿಗೆ ಕನಿಷ್ಠ 8 ಮೆಗಾಬಿಟ್, ಆಡಿಯೋ ಎಎಸಿ 48 ಕಿಲೋಹರ್ಟ್ಸ್. ಒಮ್ಮೆ ಧ್ವನಿ ಬಂದ್ ಮಾಡಿ ನೋಡಿ: ಯಾರ ಕಥೆ ಎಂಬುದು ಚಿತ್ರದಿಂದಷ್ಟೇ ತಿಳಿಯಬೇಕು. ಒಮ್ಮೆ ಕಾಲೇಜು ಸಭಾಂಗಣದ ಸ್ಪೀಕರಿನಲ್ಲೇ ಕೇಳಿ, ಅಲ್ಲಿ ಕಲ್ಲಿನ ಸದ್ದು ಪದವನ್ನು ನುಂಗಬಹುದು.

ಆಮೇಲೆ ತಂಡಕ್ಕೆ ಸೇರದ ಮೂವರಿಗೆ, ಏನೂ ಹೇಳದೆ, ಫೋನಿನಲ್ಲಿ ತೋರಿಸಿ. ಒಬ್ಬರಾದರೂ ಮನೆಯ ಹಿರಿಯರಾಗಿರಲಿ. ‘ಹೇಗಿದೆ’ ಎಂದು ಕೇಳಬೇಡಿ, ಎಲ್ಲರೂ ಛಲೋ ಐತಿ ಅಂತಾರೆ. ‘ಇದು ಯಾರ ಹಾಡು? ಎಲ್ಲಿ ಬ್ಯಾಸರಾತು?’ ಇವೆರಡನ್ನೇ ಕೇಳಿ. ಮೂವರೂ ಅಜ್ಜಿಯ ಹಾಡು ಎಂದರೆ ಕರ್ತೃ ಕೂತಿದ್ದಾಳೆ. ಯಾರಾದರೂ ‘ಆ ಹುಡುಗ ಯಾರು?’ ಎಂದು ಕೇಳಿದರೆ ಹಿನ್ನೆಲೆಯಲ್ಲಿ ಹಾದುಹೋದ ಮೊಮ್ಮಗನಿಗೆ ಎಲ್ಲೋ ಒಂದು ಮುಖದ ಶಾಟ್ ಹೆಚ್ಚಾಗಿ ಸಿಕ್ಕಿದೆ. ಅದನ್ನು ತೆಗೆದು ಅಲ್ಲಿ ಕೈಯ ಶಾಟ್ ಹಾಕಿ.

ವಿಡಿಯೋದ ಜೊತೆ ಕೊಡುವ ವರದಿಗೆ ಮೊದಲ ದಿನ ಮಾಡಿದ ಎಣಿಕೆಯ ಪಟ್ಟಿಯೇ ಆಧಾರ. ಪ್ರತಿ ರೂಢಿಗೂ ನಿಮ್ಮ ವಿಡಿಯೋದ ಸಮಯ ಬರೆಯಿರಿ: ‘0:14, ಎಂಟ್ರಿಯ ಮೂರು ಶಾಟ್, ಕ್ರಮ ರೂಢಿಯದೇ, ಬರುವವಳು ಅಜ್ಜಿ’. ‘2:31, ಎರಡು ಸಾಲು ಕಟ್ ಇಲ್ಲ, ಕಲ್ಲು ನಿಲ್ಲುವವರೆಗೆ’. ಹಾಡಿದವರ ಮನೆಗೆ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ, ಟಿವಿಗೆ ಚುಚ್ಚಿ ಓಡುತ್ತದೆಯೋ ಇಲ್ಲವೋ ನೋಡಿ ಕೊಟ್ಟು ಬನ್ನಿ.